ಮುದುಕಪ್ಪ ರೊಟ್ಟಿ ಮನೆಯ ನೆಲ ಕಾಯ್ದದ್ದು

ಒಂದೂರಿನಲ್ಲಿ ಒಬ್ಬಳು ತಾಯಿ, ಆಕೆಗೊಬ್ಬ ಮಗ. ತಾಯಿಯ ಹೆಸರು ಫಕೀರವ್ವ, ಮಗನ ಹೆಸರು ಮುದುಕಪ್ಪ. ಹೆಸರಿಗೆ ಮುದುಕಪ್ಪ, ಮೀಸೆ ಬಂದು ಇನ್ನೂ ಬಹಳ ದಿನ ಆಗಿರಲಿಲ್ಲ. ಬುದ್ಧಿ ಮಾತ್ರ ತೊಟ್ಟಿಲು ಬಿಟ್ಟು ಇಳಿದೇ ಇರಲಿಲ್ಲ. ಊರಿನ ಉಳಿದ ತಾಯಂದಿರು ಮಗ ಮಾತು ಕೇಳುವುದಿಲ್ಲ ಎಂದು ಅಳುತ್ತಿದ್ದರು. ಫಕೀರವ್ವನ ಗೋಳು ಬೇರೆ. ಆಕೆಯ ಮಗ ಹೇಳಿದ ಮಾತನ್ನೆಲ್ಲ ಕೇಳುತ್ತಿದ್ದ. ಅನ್ನ ಬೆಂದಿತೇ ನೋಡು ಎಂದರೆ ನೋಡುತ್ತಿದ್ದ. ಬೆಂದು, ತಳ ಹಿಡಿದು, ಸೀದು, ಮನೆಯೆಲ್ಲ ಹೊಗೆ ಆದರೂ ನೋಡುತ್ತಲೇ ಇರುತ್ತಿದ್ದ. ಇಳಿಸು ಎಂದು ಯಾರೂ ಹೇಳಿರಲಿಲ್ಲವಲ್ಲ.

ಫಕೀರವ್ವ ರೊಟ್ಟಿ ಮನೆ ನಡೆಸುತ್ತಿದ್ದಳು. ಐದಾರು ಜನ ಹೆಂಗಸರು ದಿನಾ ಬಂದು ಜೋಳದ ರೊಟ್ಟಿ ತಟ್ಟಿ, ಹಂಚಿನ ಮೇಲೆ ಬೇಯಿಸಿ, ಬಟ್ಟೆ ಹಾಸಿ ನೆಲದ ಮೇಲೆ ಹರವಿ, ಖಡಕ್ ಆಗುವವರೆಗೆ ಒಣಗಿಸುತ್ತಿದ್ದರು. ಅವರಲ್ಲಿ ಹೆಚ್ಚಿನವರು ಗಂಡನಿಲ್ಲದವರು. ಆ ರೊಟ್ಟಿಯೇ ಅವರ ಮನೆಯ ಒಲೆಯನ್ನೂ ಉರಿಸುತ್ತಿತ್ತು. ರೊಟ್ಟಿಯಲ್ಲಿ ಮುಕ್ಕಾಲು ಪಾಲು ಹೋಗುತ್ತಿದ್ದದ್ದು ಪಕ್ಕದ ಪಟ್ಟಣದ ಹುಡುಗಿಯರ ಹಾಸ್ಟೆಲ್ಲಿಗೆ.

ರೊಟ್ಟಿ ಮನೆಯ ನೆಲ ಕಾಂಕ್ರೀಟಿನದು. ಹಾಕಿದ ಗೌಂಡಿಗೆ ಅವಸರವೋ ಅವಸರ. ಸರಿಯಾಗಿ ನೀರುಣಿಸಲಿಲ್ಲ, ತಿಕ್ಕಲಿಲ್ಲ, ಮುಂದಿನ ಕೆಲಸಕ್ಕೆ ಓಡಿಹೋದ. ನೆಲ ಗುಡಿಸಿದಷ್ಟೂ ಪುಡಿ ಏಳುತ್ತಿತ್ತು. ಬೆಳಗ್ಗೆ ಗುಡಿಸು, ಮಧ್ಯಾಹ್ನ ಪುಡಿ. ಮಧ್ಯಾಹ್ನ ಗುಡಿಸು, ಸಂಜೆ ಪುಡಿ. ಒಂದು ದಿನ ಹಾಸ್ಟೆಲ್ಲಿನ ವಾರ್ಡನ್ ಮಹಾದೇವಿ ಅಕ್ಕಾವರು ತಾವೇ ಬಂದು ರೊಟ್ಟಿ ಮುರಿದು ಬಾಯಿಗಿಟ್ಟರು. ಹಲ್ಲಿಗೆ ಮರಳು ಸಿಕ್ಕಿತು. ಅಕ್ಕಾವರು ಕೂಗಾಡುವವರಲ್ಲ. ರಜೆ ಮುಗಿದು ಹಾಸ್ಟೆಲ್ ತೆರೆಯುವ ಮುಂಚೆ ಮತ್ತೆ ಬರುತ್ತೇನೆ, ಅಷ್ಟರಲ್ಲಿ ಈ ನೆಲಕ್ಕೆ ಏನಾದರೂ ಬಳಿಸಿ ಗಟ್ಟಿ ಮಾಡಿಸಿ, ಇಲ್ಲವಾದರೆ ಬೇರೆ ಊರಿನವರಿಗೆ ಹೇಳಬೇಕಾಗುತ್ತದೆ ಎಂದು ತಣ್ಣಗೆ ಹೇಳಿ ಹೋದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮರುದಿನ ಆಕೆಗೆ ಸಂತೆಯ ಕೆಲಸ. ಮಗನನ್ನು ಕರೆದು ದಾವಲಸಾಬನ ಬಣ್ಣದ ಅಂಗಡಿಗೆ ಹೋಗು ಎಂದಳು. ಅಲ್ಲಿ ಬಣ್ಣದ ಚೀಟಿ ತೋರಿಸುತ್ತಾರೆ, ಅದರಲ್ಲಿ ಕಣ್ಣಿಗೆ ಚೆಂದ ಕಾಣುವುದನ್ನು ಆರಿಸಿ ತಾ ಎಂದಳು. ಹೇಳಬಾರದಿತ್ತು, ಹೇಳಿಬಿಟ್ಟಳು.

ಮುದುಕಪ್ಪ ಅಂಗಡಿಗೆ ಹೋದ. ಚೀಟಿಯನ್ನು ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ, ತಲೆಕೆಳಗಾಗಿ ಹಿಡಿದು ನೋಡಿದ. ದಾಳಿಂಬೆ ಹೂವಿನಂಥ ಕೆಂಪೊಂದು ಕಣ್ಣಿಗೆ ಹಿಡಿಸಿತು. ಇದು ಗೋಡೆಗೆ ಹಚ್ಚುವ ಡಿಸ್ಟೆಂಪರ್ ಮಾರಾಯ, ನಿನಗೆ ಯಾವುದಕ್ಕೆ ಬೇಕು ಎಂದು ದಾವಲಸಾಬ ಕೇಳಿದ. ಅವ್ವ ಚೆಂದ ನೋಡು ಅಂದಾಳೆ, ಗೋಡೆಯ ಮಾತು ಆಡಿಲ್ಲ ಎಂದು ಮುದುಕಪ್ಪ ಡಬ್ಬಿ ಹೊತ್ತು ಬಂದ. ಅವ್ವ ಸಂತೆಯಿಂದ ಬರುವುದರೊಳಗೆ ನೆಲಕ್ಕೆಲ್ಲ ಬಳಿದೂ ಬಿಟ್ಟ.

ಬೆಳಗ್ಗೆ ಹೆಂಗಸರು ಬಂದು ಕೂತರು. ನೀರು ಬಿತ್ತು, ಬಣ್ಣ ಎದ್ದಿತು. ಹೆಂಗಸರ ಅಂಗಾಲು ಕೆಂಪು, ಸೀರೆಯ ಅಂಚು ಕೆಂಪು, ರೊಟ್ಟಿಯ ಬೆನ್ನೂ ಕೆಂಪು. ಮೂಲೆಯಲ್ಲಿ ಕೂತಿದ್ದ ಮುದುಕಪ್ಪನ ಆಯಿ, ಫಕೀರವ್ವನ ಅತ್ತೆ, ಕಣ್ಣು ಕಿರಿದು ಮಾಡಿ ನೋಡಿ, ಇವತ್ತು ಇವರಿಗೆಲ್ಲ ಮದುವೆಯೇ ಎಂದು ಕೇಳಿದಳು. ಫಕೀರವ್ವನಿಗೆ ಪಿತ್ತ ನೆತ್ತಿಗೇರಿತು.

"ಚೆಂದ ತಗೊಂಡು ಏನ ನೆಕ್ಕೂದೈತೇನೋ? ನೆಲಕ್ಕ ಹಚ್ಚೂದಂದ್ರ ಗಟ್ಟಿ ನೋಡಬೇಕು. ಮ್ಯಾಲೆ ಎತ್ತಿನ ಗಾಡಿ ಹೋದ್ರೂ ಗೀರು ಬೀಳಬಾರ್ದು, ಅಂಥಾದ್ದು ತರಬೇಕು."

"ಆತವ್ವ," ಎಂದ ಮುದುಕಪ್ಪ. ಈ "ಆತವ್ವ" ಇದೆಯಲ್ಲ, ಇದನ್ನು ಕೇಳಿದಾಗಲೇ ಫಕೀರವ್ವ ಹೆದರಬೇಕಾಗಿತ್ತು. ಹೆತ್ತ ಕರುಳು, ಪ್ರತಿ ಸಲವೂ ನಂಬುತ್ತಿತ್ತು.

ಕೆಂಪು ಕೆರೆದು ತೊಳೆಯುವುದರಲ್ಲಿ ಎಲ್ಲರ ಸೊಂಟ ಬಿತ್ತು. ಅತ್ತ ಮುದುಕಪ್ಪ ಗಟ್ಟಿಯದನ್ನು ಹುಡುಕಿ ಹೊರಟ. ಅಂಗಡಿಯವರೆಗೂ ಹೋಗಲಿಲ್ಲ. ದಾರಿಯಲ್ಲಿ ರಸ್ತೆ ರಿಪೇರಿ ನಡೆದಿತ್ತು. ಡಾಂಬರಿನ ರಸ್ತೆಯ ಮೇಲೆ ಎತ್ತಿನ ಗಾಡಿ ಹೋಯಿತು. ಮುದುಕಪ್ಪ ಬಗ್ಗಿ ನೋಡಿದ, ಗೀರಿಲ್ಲ. ಕಬ್ಬಿನ ಲಾರಿ ಹೋಯಿತು. ಮತ್ತೆ ಬಗ್ಗಿದ, ಗೀರಿಲ್ಲ. ಅವ್ವ ಹೇಳಿದ್ದು ಇದೇ ಎಂದು ಗೊತ್ತಾಯಿತು. ಕೆಲಸದವರನ್ನು ಬೇಡಿ ಎರಡು ಬಕೆಟ್ ಡಾಂಬರು ಹೊತ್ತು ತಂದು, ರೊಟ್ಟಿ ಮನೆಯ ನೆಲಕ್ಕೆ ಸುರಿದು, ಕಸಬರಿಗೆಯಿಂದ ಎಳೆಯತೊಡಗಿದ.

ಫಕೀರವ್ವ ಒಳಗೆ ಬಂದಾಗ ಅರ್ಧ ನೆಲ ಕರ್ರಗಿತ್ತು. ಕಸಬರಿಗೆ ನೆಲಕ್ಕೆ ಅಂಟಿತ್ತು. ಕಸಬರಿಗೆಗೆ ಮಗ ಅಂಟಿದ್ದ. ಮನೆಯ ಬೆಕ್ಕು ನಡುವೆ ಸಿಕ್ಕು ಒಂದೊಂದೇ ಕಾಲು ಕಿತ್ತುಕೊಳ್ಳುತ್ತಾ ಕೂಗುತ್ತಿತ್ತು. ವಾಸನೆಗೆ ಓಣಿಯವರೆಲ್ಲ ಮೂಗು ಮುಚ್ಚಿ ಬಂದರು. ರೊಟ್ಟಿ ಮನೆಗೆ ಬಸ್ಸು ಬಿಡುತ್ತೀರೇನು ಎಂದು ಯಾರೋ ಕೇಳಿದರು. ಫಕೀರವ್ವ ಹಣೆ ಹಣೆ ಚಚ್ಚಿಕೊಂಡಳು. ಹೆಂಗಸರೆಲ್ಲ ಸೇರಿ ಸೀಮೆಎಣ್ಣೆ ಹಾಕಿ ಉಜ್ಜಿದರು, ಉಳಿಯಿಂದ ಕೆತ್ತಿದರು. ಆಯಿಯೂ ಸುಮ್ಮನಿರದೆ ಕೂತಲ್ಲೇ ಒಂದಿಷ್ಟು ಉಜ್ಜಿ ಬೆನ್ನು ಹಿಡಿಸಿಕೊಂಡಳು.

ಫಕೀರವ್ವ ಈ ಸಲ ಕೂಗಲಿಲ್ಲ, ಮಗನನ್ನು ಎದುರಿಗೆ ಕೂರಿಸಿಕೊಂಡು ತಿಳಿಸಿ ಹೇಳಿದಳು. ಯಾವುದನ್ನೇ ಆಗಲಿ ಒಮ್ಮೆಗೇ ಎಲ್ಲ ಕಡೆ ಹಚ್ಚಬಾರದು. ಮೊದಲು ಒಂದು ಮೂಲೆಯಲ್ಲಿ ಹೆಬ್ಬೆಟ್ಟಿನಷ್ಟು ಹಚ್ಚಬೇಕು. ಒಂದು ದಿನ ಬಿಟ್ಟು ನೋಡಬೇಕು. ಹಿಡಿದರೆ ಉಳಿದದ್ದು, ಹಿಡಿಯದಿದ್ದರೆ ಬೇಡ. ಆಕೆ ಹೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ. ನೆಲದ ಕೆಲಸ ಗೊತ್ತಿದ್ದವರು ಯಾರೇ ಆದರೂ ಇದನ್ನೇ ಹೇಳುತ್ತಿದ್ದರು. ಮುದುಕಪ್ಪ ತಲೆಯಾಡಿಸಿದ.

ಮರುದಿನ ಆಯಿಗೆ ಬೆನ್ನು ಎತ್ತಲಾಗಲಿಲ್ಲ. ಫಕೀರವ್ವ ಎಣ್ಣೆ ಬೆಚ್ಚಗೆ ಮಾಡಿ ಮಗನ ಕೈಗೆ ಕೊಟ್ಟು, ಆಯಿಯ ಬೆನ್ನಿಗೆ ಹಚ್ಚು ಎಂದು ಹೇಳಿ ಹಿಟ್ಟಿನ ಗಿರಣಿಗೆ ಹೋದಳು. ಮುದುಕಪ್ಪ ಆಯಿಯನ್ನು ಬೋರಲು ಮಲಗಿಸಿದ. ಎಡಗಡೆಯ ಭುಜದ ಮೂಲೆಯಲ್ಲಿ ಹೆಬ್ಬೆಟ್ಟಿನಷ್ಟು ಎಣ್ಣೆ ಇಟ್ಟ. ಆಮೇಲೆ ಕೈ ಕಟ್ಟಿ ಕೂತ. ಆಯಿ ಹಚ್ಚೋ ಎಂದಳು. ನಾಳೆ ಎಂದ. ಆಯಿ ನೋವು ತಾಳಲಾರೆ ಎಂದಳು. ಹಿಡಿಯುತ್ತದೋ ಇಲ್ಲವೋ ನೋಡಬೇಕಲ್ಲ ಎಂದ. ಆಯಿ ಏಳಲು ಹೋದರೆ ಒರೆಸಿಹೋಗುತ್ತದೆ ಎಂದು ಒತ್ತಿ ಮಲಗಿಸಿದ. ಫಕೀರವ್ವ ಗಿರಣಿಯಿಂದ ಬರುವ ಹೊತ್ತಿಗೆ ಎಣ್ಣೆ ಆರಿ ತಣ್ಣಗಾಗಿತ್ತು, ಆಯಿ ಸೊಸೆಯನ್ನೂ ಮೊಮ್ಮಗನನ್ನೂ ಸೇರಿಸಿ ಬೈಯುತ್ತಿದ್ದಳು.

"ಯಪ್ಪಾ, ನಿನಗ ಬುದ್ಧಿ ಹೇಳಿ ಹೇಳಿ ನನ್ನ ಜೀವಾ ಹಣ್ಣಾತು," ಎಂದಳು ಫಕೀರವ್ವ. ಆಕೆಗೆ ನಿಜಕ್ಕೂ ಅಳು ಬಂದಿತ್ತು. ಹಾಸ್ಟೆಲ್ ತೆರೆಯುವ ದಿನ ಹತ್ತಿರ ಬರುತ್ತಿತ್ತು, ನೆಲ ಇದ್ದ ಹಾಗೇ ಇತ್ತು. ಇದ್ದ ಹಾಗೆ ಎಂದರೆ, ಅಲ್ಲಲ್ಲಿ ಕೆಂಪು, ಅಲ್ಲಲ್ಲಿ ಕಪ್ಪು ಬೇರೆ.

ಕೊನೆಗೆ ಆಕೆ ತಾನೇ ದಾವಲಸಾಬನ ಅಂಗಡಿಗೆ ಹೋದಳು. ಮೊದಲೇ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ, ಹೋಗಲಿ. ದಾವಲಸಾಬ ಕೇಳಬೇಕಾದ್ದನ್ನೆಲ್ಲ ಕೇಳಿದ. ನೆಲಕ್ಕೆ ನೀರು ಬೀಳುತ್ತದೆಯೇ, ಎಣ್ಣೆ ಬೀಳುತ್ತದೆಯೇ, ಒಲೆ ಎಲ್ಲಿ, ಜನ ಬರಿಗಾಲಲ್ಲಿ ಓಡಾಡುತ್ತಾರೋ ಚಪ್ಪಲಿಯಲ್ಲೋ. ಫಕೀರವ್ವ ಆಸೆಪಟ್ಟು, ಬ್ಯಾಂಕಿನಲ್ಲಿ ಇರುವಂಥ ಕನ್ನಡಿಯ ಹಾಗೆ ಹೊಳೆಯುವುದು ಬೇಕು ಎಂದಳು. ನೀರು ಬಿದ್ದರೆ ಅದರ ಮೇಲೆ ಹೆಂಗಸರು ಜಾರಿ ಬೀಳುತ್ತಾರೆ, ನಿನಗೆ ಬೇಕಾದ್ದು ಮೊದಲು ಕೆಳಗಿನ ಪುಡಿ ಹಿಡಿಯುವ ಪ್ರೈಮರು, ಅದರ ಮೇಲೆ ಒಣಗಿದರೆ ಕಲ್ಲಿನಂತೆ ಗಟ್ಟಿಯಾಗುವ ಎಪಾಕ್ಸಿ ಬಣ್ಣ, ಎಪಾಕ್ಸಿಯಲ್ಲಿ ಕಾಲು ಜಾರದ ಹಾಗೆ ಒಂದಿಷ್ಟು ಸಣ್ಣ ಮರಳು ಎಂದು ಅವನು ಹೇಳಿದ. ಮರಳು ಅಂದ ಕೂಡಲೇ ಫಕೀರವ್ವ ಬೆಚ್ಚಿದಳು. ಅದು ಬಣ್ಣದೊಳಗೇ ಹುದುಗಿರುತ್ತದೆ, ಏಳುವುದಿಲ್ಲ ಎಂದು ಅವನು ಸಮಾಧಾನ ಮಾಡಿದ. ಒಲೆಯ ಕೆಳಗೆ ಮಾತ್ರ ಕಲ್ಲು ಹಾಸು ಎಂದ. ಬಣ್ಣ ಆರಿಸುವಾಗ ಆಕೆ ಬಹಳ ಹೊತ್ತು ಯೋಚಿಸಿ ಎಳೆ ಜೋಳದ ಬಿಳಿ ಬಣ್ಣ ಹಿಡಿದಳು. ಒಂದು ಚೂರು ಕಸ ಬಿದ್ದರೂ ಎದ್ದು ಕಾಣುತ್ತದೆ, ಅಕ್ಕಾವರಿಗೆ ನಂಬಿಕೆ ಬರುತ್ತದೆ ಎಂದು ಆಕೆಯ ಲೆಕ್ಕ.

ಹೊರಡುವಾಗ ದಾವಲಸಾಬ ಒಂದು ಮಾತು ಹೇಳಿ ಕಳಿಸಿದ. ಜಿಡ್ಡು ಇದ್ದಲ್ಲಿ ಯಾವ ಬಣ್ಣವೂ ಹಿಡಿಯುವುದಿಲ್ಲ, ಆಳು ಕಳಿಸುವ ಮುಂಚೆ ಜಿಡ್ಡು ತೆಗೆದಿಡಿ. ಫಕೀರವ್ವ ಮನೆಗೆ ಬಂದು ಮಗನಿಗೆ ಸಾಬೂನು ಪುಡಿ, ಒರಟು ಕಲ್ಲು ಕೊಟ್ಟಳು. ರೊಟ್ಟಿ ಮನೆಯಲ್ಲಿ ಎಲ್ಲಿ ಜಿಡ್ಡು ಕಂಡರೂ ಬಿಡಬೇಡ, ಬಿಳುಪು ಕಾಣುವವರೆಗೂ ತಿಕ್ಕು ಎಂದಳು. ತಿಕ್ಕುವ ಕೆಲಸದಲ್ಲಿ ಏನು ಕೆಡಿಸಿಯಾನು ಎಂದು ಆಕೆಗೆ ಧೈರ್ಯ.

ಮುದುಕಪ್ಪ ನೆಲ ತಿಕ್ಕಿದ. ನಿಜ ಹೇಳಬೇಕು, ಬಹಳ ಚೆನ್ನಾಗಿ ತಿಕ್ಕಿದ. ಕೆಂಪು ಹೋಯಿತು, ಕಪ್ಪು ಹೋಯಿತು, ಜಿಡ್ಡು ಹೋಯಿತು. ಆಮೇಲೆ ತಲೆ ಎತ್ತಿ ನೋಡಿದ. ಗೋಡೆಗೆ ಒರಗಿಸಿ ಹಂಚುಗಳನ್ನು ಇಟ್ಟಿದ್ದರು. ಫಕೀರವ್ವನ ಅತ್ತೆಯ ಕಾಲದ ಕಬ್ಬಿಣದ ಹಂಚುಗಳು. ವರ್ಷಗಟ್ಟಲೆ ಎಣ್ಣೆ ಕುಡಿದು, ಬೆಂಕಿ ಉಂಡು, ಕರ್ರಗೆ ಪಳಗಿದವು. ರೊಟ್ಟಿ ಹಾಕಿದರೆ ತಾನಾಗಿಯೇ ಎದ್ದು ಬರುತ್ತಿತ್ತು. ಮುದುಕಪ್ಪ ಬೆರಳಿಟ್ಟು ನೋಡಿದ. ಜಿಡ್ಡು. ಒಂದೊಂದನ್ನೇ ಮಡಿಲಲ್ಲಿಟ್ಟುಕೊಂಡು, ಕಲ್ಲು ಹಿಡಿದು, ಬೆಳ್ಳಗೆ ಮಿಂಚುವ ಹಾಗೆ ತಿಕ್ಕಿ ಸಾಲಾಗಿ ಇಟ್ಟ.

ಅಂಗಳದಲ್ಲಿ ಒಲೆ ಹೂಡಿ ರೊಟ್ಟಿ ಹಾಕಿದ ಲಚಮವ್ವನಿಗೆ ಮೊದಲು ಗೊತ್ತಾಯಿತು. ಆಕೆ ಅಲ್ಲಿ ಎಲ್ಲರಿಗಿಂತ ಹಳಬಳು, ಅವಳ ಕೈಯ ರೊಟ್ಟಿ ಹರಿದದ್ದನ್ನು ಯಾರೂ ಕಂಡಿರಲಿಲ್ಲ. ಆವತ್ತು ರೊಟ್ಟಿ ಹಂಚಿಗೆ ಕಚ್ಚಿ ಕೂತಿತು. ಎತ್ತಿದರೆ ಹರಿಯಿತು. ಇನ್ನೊಂದು ಹಾಕಿದಳು, ಅದೂ ಹರಿಯಿತು. ಲಚಮವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅದನ್ನು ನೋಡಿ ಫಕೀರವ್ವ ಬೈಯುವುದನ್ನು ಬಿಟ್ಟು ಎಣ್ಣೆಯ ಡಬ್ಬಿ ತಂದಿಟ್ಟಳು. ಆ ಹಂಚುಗಳನ್ನು ಮತ್ತೆ ಪಳಗಿಸಲು ಹೆಂಗಸರು ಎಣ್ಣೆ ಸವರುವುದು, ಸುಡುವುದು, ಆರಿಸುವುದು, ಮತ್ತೆ ಸವರುವುದು, ಇದನ್ನೇ ಮಾಡುತ್ತಿರುವಾಗ ಹಾಸ್ಟೆಲ್ ತೆರೆಯುವ ಹೊತ್ತು ಬಂತು.

ಅಷ್ಟರಲ್ಲಿ ದಾವಲಸಾಬನ ಆಳುಗಳು ಬಂದು ನೆಲದ ಕೆಲಸ ಮುಗಿಸಿಕೊಟ್ಟರು. ಹಸಿ ಎಪಾಕ್ಸಿಯ ಮೇಲೆ ಒಂದು ನೊಣ ಕೂತರೂ ಗುರುತು ಉಳಿಯುತ್ತದೆ ಎಂದು ಹೇಳಿ ಹೋದರು. ಫಕೀರವ್ವ ಮಗನನ್ನು ಬಾಗಿಲಲ್ಲಿ ಕೂರಿಸಿದಳು.

"ಇನ್ನ ಮ್ಯಾಲೆ ನೀ ಯಾವುದೂ ಹಚ್ಚಬ್ಯಾಡ, ಯಾವುದೂ ತಿಕ್ಕಬ್ಯಾಡ. ಬರೇ ನೆಲಾ ಕಾಯಿ. ಇದರ ಮ್ಯಾಲೆ ಒಂದ ಕಲೆ ಬಿತ್ತಂದ್ರ ನಾ ನಿನ್ನ ಮಾರಿ ನೋಡಂಗಿಲ್ಲ."

"ಆತವ್ವ."

ನೋಡಿ, ಇಲ್ಲಿ ಒಂದು ಸೋಜಿಗ ಆಯಿತು. ಮುದುಕಪ್ಪ ಆ ಕೆಲಸವನ್ನು ಸರಿಯಾಗಿ ಮಾಡಿದ. ಬೆಕ್ಕನ್ನು ಬಿಡಲಿಲ್ಲ, ನೊಣವನ್ನು ಬಿಡಲಿಲ್ಲ, ಮರೆತು ಒಳಗೆ ಕಾಲಿಡಲು ಹೋದ ಫಕೀರವ್ವನನ್ನೂ ಸೆರಗು ಹಿಡಿದು ಎಳೆದ. ನೆಲ ಒಣಗಿ ಗಟ್ಟಿಯಾಯಿತು. ನೋಡಿದರೆ ಬೆಣ್ಣೆ ಸವರಿದ ಹಾಗೆ ನುಣುಪು, ಕಾಲಿಟ್ಟರೆ ಜಾರುವುದಿಲ್ಲ, ಗುಡಿಸಿದರೆ ಪುಡಿಯಿಲ್ಲ. ಮಹಾದೇವಿ ಅಕ್ಕಾವರು ಬಂದು ಚಪ್ಪಲಿ ಕಳಚಿ ಆ ಮೂಲೆಯಿಂದ ಈ ಮೂಲೆಗೆ ಓಡಾಡಿದರು. ಬಿಳಿ ಕರವಸ್ತ್ರ ತೆಗೆದು ನೆಲ ಒರೆಸಿ ನೋಡಿದರು, ಕರವಸ್ತ್ರ ಬಿಳಿಯಾಗಿಯೇ ಇತ್ತು. ನಾಳೆಯಿಂದ ರೊಟ್ಟಿ ಶುರು ಮಾಡಿರಿ, ಮೊದಲ ದಿನ ನಾನೇ ಟೆಂಪೋ ತಂದು ಒಯ್ಯುತ್ತೇನೆ ಎಂದರು. ಹೆಂಗಸರು ಬಾಯಿತುಂಬ ನಕ್ಕರು. ಫಕೀರವ್ವ ಮಗನ ತಲೆ ಸವರಿ, ಶಾಣ್ಯಾ ಆದಿ ನನ್ನ ಮಗನ, ಹಿಂಗ ಕಾದು ಇಟ್ಕೊ ಎಂದಳು. ಆಕೆಯ ಬಾಯಲ್ಲಿ ಮಗ ಜಾಣನಾದದ್ದು ಅದೇ ಮೊದಲು. ಅವತ್ತು ಆಕೆಗೆ ನಿಜಕ್ಕೂ ಸಂತೋಷ ಆಗಿತ್ತು.

ಮರುದಿನ ಹಿಟ್ಟು ಸಾಲದು ಎಂದು ಫಕೀರವ್ವ ಬೆಳಗ್ಗೆಯೇ ಗಿರಣಿಗೆ ಹೋದಳು. ಗಿರಣಿಯಲ್ಲಿ ಗದ್ದಲ, ಪಾಳಿ ಬರಲು ತಡವಾಯಿತು. ಹಿಟ್ಟಿನ ಚೀಲ ಹೊತ್ತು ಓಣಿಗೆ ತಿರುಗಿದವಳು ಅಲ್ಲೇ ನಿಂತಳು.

ಒಲೆಗಳು ಓಣಿಯಲ್ಲಿ ಉರಿಯುತ್ತಿದ್ದವು. ಹೆಂಗಸರು ಮಣ್ಣಿನ ಮೇಲೆ ಕೂತು ರೊಟ್ಟಿ ತಟ್ಟುತ್ತಿದ್ದರು. ಬೆಂದ ರೊಟ್ಟಿಗಳು ಹೊರಸಿನ ಮೇಲೆ, ಕಟ್ಟೆಯ ಮೇಲೆ, ಚರಂಡಿ ಮುಚ್ಚಿದ ಕಲ್ಲಿನ ಮೇಲೆ ಬಟ್ಟೆ ಹಾಸಿ ಹರಡಿದ್ದವು. ದನಗಳು ಹಾದುಹೋಗುತ್ತಿದ್ದವು, ಹುಡುಗರು ಗಾಲಿ ಓಡಿಸುತ್ತಿದ್ದರು. ರೊಟ್ಟಿ ಮನೆಯ ಬಾಗಿಲಲ್ಲಿ ಮುದುಕಪ್ಪ ಒಂದು ಒದ್ದೆ ಬಟ್ಟೆ ಹಿಡಿದು ಕಾಲು ಚಾಚಿ ಕೂತಿದ್ದ. ಒಳಗೆ ಎಳೆ ಜೋಳದ ಬಣ್ಣದ ನೆಲ ಖಾಲಿ ಬಿದ್ದು ಹೊಳೆಯುತ್ತಿತ್ತು. ನಾವು ಬರುವ ಮುಂಚೆಯೇ ನಿನ್ನ ಮಗ ಒಲೆಗಳನ್ನೆಲ್ಲ ಹೊರಗೆ ತಂದಿಟ್ಟಿದ್ದ, ನೀನೇ ಹೇಳಿರಬೇಕು ಅಂದುಕೊಂಡೆವು, ನಿನಗೂ ಆ ನೆಲದ ಮೇಲೆ ಅಷ್ಟು ಜೀವ ಅಲ್ಲವೇ ಎಂದಳು ಲಚಮವ್ವ.

ಫಕೀರವ್ವ ಬಾಯಿ ತೆರೆಯುವುದರೊಳಗೆ ಹಾಸ್ಟೆಲ್ಲಿನ ಟೆಂಪೋ ಬಂತು. ಬಂದ ರಭಸದಲ್ಲೇ ಬ್ರೇಕು ಹಾಕಿತು. ಓಣಿಯ ಧೂಳೆಲ್ಲ ಎದ್ದು ನಿಧಾನವಾಗಿ ರೊಟ್ಟಿಗಳ ಮೇಲೆ ಇಳಿಯಿತು. ಅಕ್ಕಾವರು ಇಳಿದು ಒಂದು ರೊಟ್ಟಿ ಎತ್ತಿ ಕೊಡವಿದರು. ಅದನ್ನು ಬಾಯಿಗಿಡಲಿಲ್ಲ. ಬಾಗಿಲಿನಿಂದ ಒಳಗೆ ಇಣುಕಿ ನೋಡಿದರು, ಹೊರಗೆ ನೋಡಿದರು.

"ಫಕೀರವ್ವಾರ, ನೆಲಾ ಭಾಳ ಛಲೋ ಇಟ್ಟೀರಿ. ಆದ್ರ ನಮ್ಮ ಹುಡುಗ್ಯಾರು ನೆಲಾ ತಿನ್ನಂಗಿಲ್ಲಲ್ರಿ," ಎಂದರು.

ಹೆಂಗಸರ ಕೈ ಹಿಟ್ಟಿನಲ್ಲೇ ನಿಂತಿತು. ಫಕೀರವ್ವ ಮಗನ ಕಡೆ ತಿರುಗಿದಳು. ಮುದುಕಪ್ಪ ಎದ್ದು ನಿಂತು, ಒಂದು ಕಲೆಯೂ ಇಲ್ಲ ಬಂದು ನೋಡು ಎನ್ನುವಂತೆ ಒಳಗೆ ಕೈ ಮಾಡಿದ. ಮುಖದ ತುಂಬ ನಗು. ಆಕೆಯ ನಾಲಿಗೆಯ ತುದಿಗೆ ಹೊಸ ಬುದ್ಧಿಮಾತು ಬಂದಿತ್ತು. ಅದನ್ನು ಹೇಳಿದರೆ ನಾಳೆ ಇದೇ ಓಣಿಯಲ್ಲಿ ಏನಾದೀತು ಎಂದು ನೆನೆದಳು. ನುಂಗಿಕೊಂಡಳು. ಲಚಮವ್ವನ ಪರಾತದಿಂದ ಒಂದು ಹಿಡಿ ಹಸಿ ಹಿಟ್ಟು ತೆಗೆದು, ಮಗನ ಭುಜದ ಮೇಲಿಂದ ಗುರಿಯಿಟ್ಟು, ಆ ಬಿಳಿ ನೆಲದ ನಟ್ಟನಡುವೆ ಬೀಸಿ ಎಸೆದಳು. ಹಿಟ್ಟು ಪಚ್ಚೆಂದು ಅಂಟಿತು.

"ತಗೋ, ಕಲೆ ಬಿತ್ತು. ಇನ್ನ ಕಾಯೂದು ಏನೂ ಉಳೀಲಿಲ್ಲ. ಲಚಮವ್ವಾ, ಒಲಿ ಒಳಗ ತರ್ರಿ."

ಹೆಂಗಸರು ಒಲೆ ಹೊತ್ತು ಒಳಗೆ ನುಗ್ಗಿದರು. ಹಿಟ್ಟು ಚೆಲ್ಲಿತು, ನೀರು ಚೆಲ್ಲಿತು, ಹಂಚಿನ ಮಸಿ ಬಿತ್ತು. ಅಕ್ಕಾವರು ಟೆಂಪೋದವನಿಗೆ ಕಾಯಲು ಹೇಳಿ, ಹೊಸ್ತಿಲ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತರು. ಒಳಗಿನಿಂದ ಬಂದ ಮೊದಲ ರೊಟ್ಟಿಯನ್ನು ಮುರಿದು ತಿಂದರು. ಇನ್ನೊಂದು ಕೇಳಿ ಇಸಿದುಕೊಂಡರು. ಸಂಜೆ ಟೆಂಪೋ ತುಂಬಿಕೊಂಡೇ ಹೋಯಿತು.

ಮುದುಕಪ್ಪ ಅಲ್ಲಿರಲಿಲ್ಲ. ಒದ್ದೆ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು, ಅಳುತ್ತಾ, ದಾವಲಸಾಬನ ಅಂಗಡಿಗೆ ಹೋಗಿದ್ದ. ಏನಾಯಿತೋ ತಮ್ಮ ಎಂದು ದಾವಲಸಾಬ ಗಾಬರಿಯಿಂದ ಕೇಳಿದ.

"ನಮ್ಮವ್ವಗ ಎಷ್ಟ ಹೇಳಿದ್ರೂ ತಿಳಿಯಂಗಿಲ್ಲ ಕಾಕಾ. ತಾ ಹೇಳಿದ ಮಾತು ತಾನ ಕೇಳಂಗಿಲ್ಲ. ಇಂಥಾ ದಡ್ಡಿ ಕೂಡ ನಾ ಹೆಂಗ ದಿನಾ ತಗೀಲಿ?" ಎಂದು ಮೂಗು ಒರೆಸಿಕೊಂಡು, ಬಣ್ಣದ ಚೀಟಿಯನ್ನು ತನ್ನ ಕಡೆಗೆ ಎಳೆದುಕೊಂಡ. "ಹಿಟ್ಟು ಹತ್ತಲಾರದಂಥಾದ್ದು ಒಂದು ಬಣ್ಣಾ ಕೊಡು. ಅವ್ವನ ಕೈಗೆ ಹಚ್ಚಿಬಿಡ್ತೀನಿ. ಎರಡು ಕೈಗೆ ಎಷ್ಟ ಡಬ್ಬಿ ಬೇಕು?"

ದಾವಲಸಾಬ ಅವನನ್ನು ಒಂದು ಸಲ ನೋಡಿದ. ಚೀಟಿಯನ್ನು ಕಸಿದುಕೊಂಡು, ಹಾಡಹಗಲಲ್ಲೇ ಅಂಗಡಿಯ ಷಟರ್ ಎಳೆದ. ನಮ್ಮ ಕತೆಯೂ ಅದರ ಜೊತೆಗೇ ಮುಚ್ಚಿತು.